‘ವೇರ್ ಈಗಲ್ಸ್ ಡೇರ್’: ಗಟ್ಟಿ ಎಲ್ಲಿ, ಟೊಳ್ಳು ಎಲ್ಲಿ? ಕೊಡಗಿನ ಪ್ರೇಕ್ಷಕರಿಗೊಂದು ಮಾರ್ಗದರ್ಶಿ

ಹಳೆಯ ಯುದ್ಧಚಿತ್ರ ನೋಡಿ ಅದರ ಬಗ್ಗೆ ನಾಲ್ಕು ಸಾಲು ಬರೆಯಲು ಕೂತವರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: “ಇಷ್ಟೊಂದು ತಪ್ಪಿದೆ, ಆದರೂ ಮಧ್ಯದಲ್ಲಿ ಎದ್ದು ಹೋಗಲು ಮನಸ್ಸಾಗಲಿಲ್ಲ. ಇದನ್ನು ಒಳ್ಳೆಯ ಚಿತ್ರ ಅನ್ನಬೇಕೋ, ಬೇಡವೋ?” ಕೊಡಗಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಬಾಲವೂ ಇದೆ. ಮನೆಯಲ್ಲಿ ಕೋವಿ ಇರುತ್ತದೆ, ಪಕ್ಕದ ಕುರ್ಚಿಯಲ್ಲಿ ಮಾಜಿ ಸೈನಿಕರು ಕೂತಿರುತ್ತಾರೆ. ಮೊದಲ ಗುಂಡಿನ ಕಾಳಗ ಮುಗಿಯುವ ಮೊದಲೇ “ಆ ಬಂದೂಕಿಗೆ ಅಷ್ಟು ಗುಂಡು ಎಲ್ಲಿಂದ ಬಂತು?” ಎಂಬ ಮಾತು ಏಳುತ್ತದೆ, ಚರ್ಚೆ ಅಲ್ಲೇ ಗೂಟ ಹೊಡೆದುಕೊಂಡು ನಿಲ್ಲುತ್ತದೆ. ಗುಂಡಿನ ಲೆಕ್ಕ ಬೇಕು. ಆದರೆ ಅದು ಚಿತ್ರದ ಅತ್ಯಂತ ಅಗ್ಗದ ತಪ್ಪು. ದುಬಾರಿ ತಪ್ಪುಗಳನ್ನು ಹುಡುಕುವುದು ಹೇಗೆ ಎಂಬುದಕ್ಕೆ ಈ ಮಾರ್ಗದರ್ಶಿ.

ಉದಾಹರಣೆಗೆ ತೆಗೆದುಕೊಂಡಿರುವುದು 1968ರ ‘ವೇರ್ ಈಗಲ್ಸ್ ಡೇರ್’. ನಿರ್ದೇಶನ ಬ್ರಯಾನ್ ಜಿ. ಹಟನ್, ಚಿತ್ರಕಥೆ ಅಲಿಸ್ಟೇರ್ ಮೆಕ್ಲೀನ್, ಮುಖ್ಯ ಪಾತ್ರಗಳಲ್ಲಿ ರಿಚರ್ಡ್ ಬರ್ಟನ್, ಕ್ಲಿಂಟ್ ಈಸ್ಟ್‌ವುಡ್, ಮೇರಿ ಯೂರ್. ಬ್ರಿಟಿಷ್ ಮೇಜರ್ ಸ್ಮಿತ್ (ಬರ್ಟನ್), ಅಮೆರಿಕದ ಲೆಫ್ಟಿನೆಂಟ್ ಶೇಫರ್ (ಈಸ್ಟ್‌ವುಡ್) ಮತ್ತು ಇನ್ನೈದು ಮಂದಿ ಜರ್ಮನ್ ಸಮವಸ್ತ್ರ ತೊಟ್ಟು ಹಿಮದ ಬೆಟ್ಟಕ್ಕೆ ಧುಮುಕುತ್ತಾರೆ. ಬೆಟ್ಟದ ಮೇಲಿನ ಕೋಟೆಯಲ್ಲಿ ಸೆರೆಯಾಗಿರುವ ಅಮೆರಿಕನ್ ಜನರಲ್ ಒಬ್ಬನನ್ನು ಬಿಡಿಸಿಕೊಂಡು ಬರುವುದು ಕೆಲಸ. ಹಾಗೆಂದು ನಮಗೆ ಹೇಳುತ್ತಾರೆ, ಅಷ್ಟೆ.

ಎಚ್ಚರಿಕೆ: ಮುಂದೆ ಕಥೆಯ ಗುಟ್ಟುಗಳೆಲ್ಲ ಬಯಲಾಗುತ್ತವೆ. ಚಿತ್ರ ನೋಡಿಲ್ಲದವರು 1ನೇ ಹಂತದವರೆಗೆ ಓದಿ, ನೋಡಿ ಬಂದು ಮುಂದುವರಿಯಿರಿ.

ಮೊದಲು ಜೋಡಿಸಿಕೊಳ್ಳಬೇಕಾದದ್ದು

ಪೂರ್ತಿ ಅಗಲದ ಪ್ರತಿ. ಚಿತ್ರವನ್ನು ಪ್ಯಾನಾವಿಷನ್‌ನಲ್ಲಿ ತೆಗೆದಿದ್ದಾರೆ. ಅಂದರೆ ಎತ್ತರ 1 ಇದ್ದರೆ ಅಗಲ ಸುಮಾರು 2.35. ಈಗಿನ ಟಿ.ವಿ. ಪರದೆ ಅಷ್ಟು ಅಗಲವಿಲ್ಲದ ಕಾರಣ ಮೇಲೆ ಕೆಳಗೆ ಕಪ್ಪು ಪಟ್ಟಿ ಬರಲೇಬೇಕು. 40 ಇಂಚಿನ ಟಿ.ವಿ.ಯಲ್ಲಿ ಒಂದೊಂದು ಪಟ್ಟಿ ಸುಮಾರು 6 ಸೆಂಟಿಮೀಟರ್. ಪರದೆ ತುಂಬ ಚಿತ್ರ ಕಂಡರೆ ಎಡಬಲದ ಅಂಚನ್ನು ಕತ್ತರಿಸಿದ್ದಾರೆ ಎಂದು ಅರ್ಥ. ಟಿ.ವಿ.ಯ ‘ಜೂಮ್’ ಆಯ್ಕೆ ಆನ್ ಆಗಿದ್ದರೂ ಹೀಗೆಯೇ ಆಗುತ್ತದೆ, ಮೊದಲು ಅದನ್ನು ಪರೀಕ್ಷಿಸಿ.

ಅವಧಿಯನ್ನೂ ನೋಡಿ. ಪೂರ್ಣ ಪ್ರತಿ ಎರಡೂವರೆ ಗಂಟೆ ದಾಟುತ್ತದೆ. ಪಾಲ್ ಮಾದರಿಯ ಡಿವಿಡಿಗಳು, ಅಂದರೆ ಸೆಕೆಂಡಿಗೆ 24ರ ಬದಲು 25 ಚೌಕಟ್ಟು ಓಡಿಸುವಂಥವು, ಶೇಕಡಾ 4ರಷ್ಟು ಬೇಗ ಮುಗಿಯುತ್ತವೆ. ಆರು ನಿಮಿಷ ಕಡಿಮೆ ಕಂಡರೆ ಗಾಬರಿ ಬೇಡ. ಇಪ್ಪತ್ತು ನಿಮಿಷ ಕಡಿಮೆಯಿದ್ದರೆ ಆ ಪ್ರತಿಯನ್ನು ಬದಿಗಿಡಿ.

ಸಬ್‌ಟೈಟಲ್, ನೋಟ್‌ಬುಕ್, ಮೊಬೈಲಿನ ಸ್ಟಾಪ್‌ವಾಚ್. ಸಬ್‌ಟೈಟಲ್ ಯಾಕೆಂದರೆ ಕಕ್ಕಡದ ಮಳೆ ತಗಡಿನ ಮಾಡಿನ ಮೇಲೆ ಬೀಳುವಾಗ ಬರ್ಟನ್‌ನ ಪಿಸುಮಾತು ದೇವರಿಗೂ ಕೇಳಿಸುವುದಿಲ್ಲ. ಈ ಚಿತ್ರದ ಮುಖ್ಯ ಮಾತುಗಳೆಲ್ಲ ಪಿಸುಮಾತಿನಲ್ಲೇ ಇವೆ.

ಹಂತ 1: ಮೊದಲ ಸಲ ಏನೂ ಬರೆಯದೆ ನೋಡಿ

ನಿಲ್ಲಿಸಬೇಡಿ, ಹಿಂದಕ್ಕೆ ಓಡಿಸಬೇಡಿ, ಮೊಬೈಲಿನಲ್ಲಿ ಹುಡುಕಬೇಡಿ. ಥ್ರಿಲ್ಲರ್ ಎಂದರೆ ಮೊದಲ ಓಟಕ್ಕೆ ಕಟ್ಟಿದ ಗಾಡಿ. ಆ ಓಟದಲ್ಲಿ ನಿಮಗೆ ಬೇಜಾರಾದ ಜಾಗ ಎಲ್ಲಿ, ಕುರ್ಚಿಯ ತುದಿಗೆ ಬಂದ ಜಾಗ ಎಲ್ಲಿ ಎಂಬುದನ್ನು ಮುಗಿದ ಕೂಡಲೇ ಐದು ನಿಮಿಷದಲ್ಲಿ ನೆನಪಿನಿಂದ ಬರೆದಿಡಿ. ಬೆಳಿಗ್ಗೆ ಬರೆಯುತ್ತೇನೆ ಎಂದರೆ ಆಗದು. ಅಷ್ಟರಲ್ಲಿ ನೀವು ಬುದ್ಧಿವಂತರಾಗಿರುತ್ತೀರಿ, ಮೊದಲು ಅನಿಸಿದ್ದು ಹೋಗಿರುತ್ತದೆ.

ಹಂತ 2: ‘ಯಾರಿಗೆ ಏನು ಗೊತ್ತು’ ಎಂಬ ಪಟ್ಟಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಹಂತ ಇದು, ಹಿಡಿಯಬೇಕಾದದ್ದೂ ಹೌದು. ಎರಡನೇ ನೋಟದಲ್ಲಿ ಪುಟಕ್ಕೆ ನಾಲ್ಕು ಕಾಲಂ ಎಳೆಯಿರಿ: ಸ್ಮಿತ್, ಶೇಫರ್, ಜರ್ಮನರು, ಪ್ರೇಕ್ಷಕ. ಪ್ರತಿ ಮುಖ್ಯ ಘಟನೆಗೆ ಒಂದು ಸಾಲು. ಯಾರಿಗೆ ಗುಟ್ಟು ಗೊತ್ತೋ ಅವರ ಕಾಲಂನಲ್ಲಿ ಚುಕ್ಕೆ.

ಚುಕ್ಕೆ ಪ್ರೇಕ್ಷಕನಿಗೂ ಇದ್ದು ಪಾತ್ರಕ್ಕೆ ಇಲ್ಲದಿದ್ದರೆ ಹುಟ್ಟುವುದು ಆತಂಕ, ಇಂಗ್ಲಿಷಿನವರು ಸಸ್ಪೆನ್ಸ್ ಅನ್ನುವುದು. ಚುಕ್ಕೆ ಪಾತ್ರಕ್ಕಿದ್ದು ಪ್ರೇಕ್ಷಕನಿಗೆ ಇಲ್ಲದಿದ್ದರೆ ಕೊನೆಗೆ ಹುಟ್ಟುವುದು ಅಚ್ಚರಿ. ಆತಂಕ ಹತ್ತು ನಿಮಿಷ ಬಾಳುತ್ತದೆ, ಅಚ್ಚರಿ ಒಂದು ಕ್ಷಣ.

ಈ ಚಿತ್ರದ ಪಟ್ಟಿ ಹೀಗೆ ಬರುತ್ತದೆ. ಧುಮುಕಿದ ಕೂಡಲೇ ರೇಡಿಯೋ ಸಾರ್ಜೆಂಟ್ ಹ್ಯಾರಡ್ ಕತ್ತು ಮುರಿದು ಸತ್ತಿರುತ್ತಾನೆ. ಅದು ಅಪಘಾತವಲ್ಲ ಎಂದು ಸ್ಮಿತ್‌ಗೆ ಗೊತ್ತು, ಉಳಿದವರಿಗೆ ಹೇಳುವುದಿಲ್ಲ. ಸ್ವಲ್ಪ ಹೊತ್ತಿಗೆ ಅವನು ಒಬ್ಬನೇ ಹೋಗಿ ಮೇರಿ ಎಂಬ ಗೂಢಚಾರಿಣಿಯನ್ನು ಭೇಟಿಯಾಗುತ್ತಾನೆ. ಈಗ ಚುಕ್ಕೆ ಸ್ಮಿತ್‌ಗೂ ನಮಗೂ ಇದೆ, ಶೇಫರ್‌ಗೆ ಇಲ್ಲ. ಕೆಳಗಿನ ಹಳ್ಳಿಯಲ್ಲಿ ಮ್ಯಾಕ್‌ಫರ್ಸನ್ ಸಾಯುತ್ತಾನೆ. ತಂಡದೊಳಗೇ ದ್ರೋಹಿ ಇದ್ದಾನೆ ಎಂಬ ಚುಕ್ಕೆ ಎಲ್ಲ ಕಾಲಂಗೂ ಮೆಲ್ಲಗೆ ಹರಡುತ್ತದೆ. ಎರಡು ಸಾವೂ ನಮ್ಮ ಕಣ್ಣೆದುರು ನಡೆಯುವುದಿಲ್ಲ, ಹೆಣ ಮಾತ್ರ ಸಿಗುತ್ತದೆ. ಮೊದಲರ್ಧದ ಬಲವೇ ಈ ಜಿಪುಣತನ.

ಆಮೇಲೆ ಕೋಟೆಯ ದೊಡ್ಡ ಹಜಾರದ ದೃಶ್ಯ. ಇದೊಂದನ್ನೇ ಮೂರು ಸಲ ನೋಡಿ. ತಂಡದ ಥಾಮಸ್, ಬರ್ಕ್ಲಿ, ಕ್ರಿಶ್ಚಿಯನ್‌ಸೆನ್ ಮೂವರೂ ಜರ್ಮನರ ಕಡೆಯವರೆಂದು ಅಲ್ಲಿ ಬಯಲಾಗುತ್ತದೆ. ಅಷ್ಟರಲ್ಲಿ ಸ್ಮಿತ್ ತನ್ನ ಜೊತೆಗಾರ ಶೇಫರ್‌ನ ಬಂದೂಕನ್ನೇ ಕೆಳಗಿಡಿಸಿ, ತಾನೇ ನಿಜವಾದ ಜರ್ಮನ್ ಅಧಿಕಾರಿ, ಈ ಮೂವರು ಬ್ರಿಟಿಷರ ನಕಲಿಗಳು ಎನ್ನುತ್ತಾನೆ. ಸಾಬೀತು ಮಾಡಿ, ಬ್ರಿಟನ್ನಿನಲ್ಲಿರುವ ನಿಮ್ಮ ಗೂಢಚಾರರ ಹೆಸರು ಬರೆಯಿರಿ ಎಂದು ಪುಸ್ತಕ ಪೆನ್ಸಿಲ್ ಕೊಡಿಸುತ್ತಾನೆ. ಅವರು ಜೀವಭಯದಲ್ಲಿ ಗೀಚುತ್ತಾರೆ. ಶತ್ರು ತನ್ನ ಕೈಯಾರೆ ತನ್ನವರ ಪಟ್ಟಿ ಬರೆದುಕೊಟ್ಟಾಯಿತು. ಸ್ಮಿತ್ ಬಂದದ್ದು ಅದಕ್ಕಾಗಿಯೇ. ಸೆರೆಯಾಗಿದ್ದ ‘ಜನರಲ್’ ಒಬ್ಬ ನಟ, ವೇಷ ಹಾಕಿಸಿ ಕಳಿಸಿದ ಗಾಳದ ಹುಳು. ಸಿನಿಮಾದವರು ಇಂಥದ್ದನ್ನು ಮ್ಯಾಕ್‌ಗಫಿನ್ ಎನ್ನುತ್ತಾರೆ. ಎಲ್ಲರೂ ಅದರ ಹಿಂದೆ ಓಡುತ್ತಾರೆ, ಕೊನೆಗೆ ಅದಕ್ಕೆ ಬೆಲೆಯಿಲ್ಲ.

ನಿಮ್ಮ ಪಟ್ಟಿಯಲ್ಲಿ ಈ ದೃಶ್ಯದ ಸಾಲು ನೋಡಿ. ಚುಕ್ಕೆ ಸ್ಮಿತ್ ಒಬ್ಬನಿಗೆ ಮಾತ್ರ. ನಾವು ಶೇಫರ್‌ನ ಮುಖ ನೋಡಿ ನಮ್ಮ ಗೊಂದಲವನ್ನು ಅಲ್ಲಿ ಗುರುತಿಸಿಕೊಳ್ಳುತ್ತೇವೆ. ಹೆಚ್ಚು ಮಾತಾಡದ ಈಸ್ಟ್‌ವುಡ್ ಈ ಚಿತ್ರಕ್ಕೆ ಯಾಕೆ ಬೇಕಿತ್ತು ಎಂಬುದು ಗೊತ್ತಾಗುವುದು ಇಲ್ಲೇ. ಅಗಲದ ಪ್ರತಿ ಬೇಕು ಎಂದದ್ದೂ ಇದಕ್ಕೇ. ಅಂಚು ಕತ್ತರಿಸಿದ ಪ್ರತಿಯಲ್ಲಿ ಮಾತಾಡುವವನು ಉಳಿಯುತ್ತಾನೆ, ಕೇಳಿ ಬಣ್ಣಗೆಡುವವನು ಹೊರಗೆ ಬೀಳುತ್ತಾನೆ.

ಇಲ್ಲಿ ಸಾಮಾನ್ಯವಾಗಿ ಎಡವುವುದು: “ಕಥೆ ಅರ್ಥವಾಗಲಿಲ್ಲ, ಹಾಗಾಗಿ ಚಿತ್ರಕಥೆ ಸರಿಯಿಲ್ಲ” ಎಂದು ಬರೆಯುವುದು. ಅರ್ಥವಾಗದ ಜಾಗ ಚಿತ್ರ ಬೇಕೆಂದೇ ಮುಚ್ಚಿಟ್ಟದ್ದೋ, ಹೇಳಲು ಮರೆತದ್ದೋ ಎಂಬುದನ್ನು ಪಟ್ಟಿ ತೋರಿಸುತ್ತದೆ. ಕೊನೆಯವರೆಗೂ ಪ್ರೇಕ್ಷಕನ ಕಾಲಂಗೆ ಬಾರದ ಚುಕ್ಕೆ ಮಾತ್ರ ನಿಜವಾದ ತೂತು.

ಹಂತ 3: ತಪ್ಪುಗಳನ್ನು ಬೇರೆ ಬೇರೆ ಬುಟ್ಟಿಗೆ ಹಾಕಿ

ಕಾಫಿ ಹಣ್ಣು ವಿಂಗಡಿಸುವಾಗ ಹಸಿರು, ಒಣಗಿದ್ದು, ತೂತು ಬಿದ್ದದ್ದು ಎಲ್ಲವನ್ನೂ ಒಂದೇ ರಾಶಿಗೆ ಸುರಿಯುವುದಿಲ್ಲವಲ್ಲ. ಇಲ್ಲಿಯೂ ಹಾಗೆಯೇ.

ಮೊದಲ ಬುಟ್ಟಿ ಕಾಲದೋಷದ್ದು, ಅಂದರೆ ಆ ಕಾಲದಲ್ಲಿ ಇರದ ವಸ್ತು ಪರದೆಯ ಮೇಲೆ ಬರುವುದು. ಕಥೆ ನಡೆಯುವುದು 1944ರ ಜೂನ್ 6ರ ನಾರ್ಮಂಡಿ ದಾಳಿಗೆ ಮುಂಚಿನ ಚಳಿಗಾಲದಲ್ಲಿ. ಜರ್ಮನ್ ಜನರಲ್ ಕೋಟೆಯ ಅಂಗಳಕ್ಕೆ ಹೆಲಿಕಾಪ್ಟರಿನಲ್ಲಿ ಬಂದಿಳಿಯುತ್ತಾನೆ. ಅದು ಅಮೆರಿಕದ ಬೆಲ್ 47, ಮೊದಲು ಹಾರಿದ್ದು 1945ರ ಡಿಸೆಂಬರ್ 8ರಂದು. ದೋಷ ಸ್ಪಷ್ಟ. ಆದರೆ “ಆಗ ಹೆಲಿಕಾಪ್ಟರೇ ಇರಲಿಲ್ಲ” ಎಂದು ಬರೆದರೆ ನೀವೂ ತಪ್ಪಿದಿರಿ. ಜರ್ಮನರ ಬಳಿ ಫ್ಲೆಟ್ನರ್ 282ರಂಥ ಹೆಲಿಕಾಪ್ಟರುಗಳು ಯುದ್ಧದ ಸಮಯದಲ್ಲೇ ಇದ್ದವು. ಮಾದರಿ ತಪ್ಪು, ಕಲ್ಪನೆ ತಪ್ಪಲ್ಲ. ಗೆಸ್ಟಾಪೊ (ನಾಜಿಗಳ ಗುಪ್ತ ಪೊಲೀಸ್) ಅಧಿಕಾರಿಯ ಕಪ್ಪು ಸಮವಸ್ತ್ರವೂ ಇದೇ ಬುಟ್ಟಿಗೆ. ಯುದ್ಧಕಾಲದಲ್ಲಿ ಎಸ್‌ಎಸ್‌ನವರು, ಅಂದರೆ ಗೆಸ್ಟಾಪೊವನ್ನೂ ನಡೆಸುತ್ತಿದ್ದ ನಾಜಿ ಪಡೆಯವರು, ಸಾಮಾನ್ಯವಾಗಿ ತೊಡುತ್ತಿದ್ದದ್ದು ಬೂದು ಬಣ್ಣ. ಕಪ್ಪು ಯಾಕೆ ಅಂದರೆ, ಖಳನನ್ನು ದೂರದಿಂದಲೇ ಗುರುತಿಸಲಿ ಎಂದು. ಸರಿಯಿರುವುದಕ್ಕೂ ಅಂಕ ಕೊಡಿ. ತಂಡವನ್ನು ಹೊತ್ತು ತರುವ ಯುಂಕರ್ಸ್ 52 ನಿಜವಾದ ವಿಮಾನ, ಸ್ವಿಸ್ ವಾಯುಪಡೆಯಿಂದ ತಂದದ್ದು.

ಎರಡನೆಯದು ಸುಳ್ಳು ತಪ್ಪುಗಳ ಬುಟ್ಟಿ. ತಪ್ಪೆಂದು ಕಾಣುತ್ತದೆ, ಪರೀಕ್ಷಿಸಿದರೆ ತಪ್ಪಲ್ಲ. ಆಲ್ಪ್ಸ್ ಕಣಿವೆಯಿಂದ ಲಂಡನ್ನಿಗೆ ರೇಡಿಯೋ ಮಾತು ಹೋಗುವುದನ್ನು ಕಂಡು, ತಲಕಾವೇರಿ ರಸ್ತೆಯ ತಿರುವುಗಳಲ್ಲಿ ಮೊಬೈಲ್ ಸಿಗ್ನಲ್ ಹುಡುಕಿ ಸಾಕಾದವರು ನಗುತ್ತಾರೆ. ಮೊಬೈಲ್ ಅಲೆಗೆ ಟವರ್ ಹತ್ತಿರವಿರಬೇಕು, ಬೆಟ್ಟ ಅಡ್ಡ ಬಂದರೆ ಕೆಲಸ ಕೆಟ್ಟಿತು. ಶಾರ್ಟ್‌ವೇವ್ ಅಲೆ ಆಕಾಶದ ಅಯಾನುಗೋಳಕ್ಕೆ ತಾಗಿ ಮರಳಿ ಕೆಳಗೆ ಬೀಳುತ್ತದೆ, ನೂರಾರು ಮೈಲಿ ದಾಟುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಅಷ್ಟು ಹೊತ್ತು ಮಾತಾಡಿದರೆ ಶತ್ರು ದಿಕ್ಕು ಪತ್ತೆ ಹಚ್ಚುವುದಿಲ್ಲವೇ?

ಜರ್ಮನರೆಲ್ಲ ಇಂಗ್ಲಿಷ್ ಮಾತಾಡುವುದೂ ಈ ಬುಟ್ಟಿಗೇ. ಅದು ಪ್ರೇಕ್ಷಕನೊಂದಿಗೆ ಮಾಡಿಕೊಂಡ ಒಪ್ಪಂದ. ನಮ್ಮ ಐತಿಹಾಸಿಕ ಚಿತ್ರಗಳಲ್ಲಿ ಬ್ರಿಟಿಷ್ ಕಲೆಕ್ಟರ್ ಕನ್ನಡ ಮಾತಾಡಿದರೆ ನಾವು ಎದ್ದು ಹೋಗುತ್ತೇವೆಯೇ?

ಮೂರನೆಯದು ಬುನಾದಿಯ ದೋಷ. ಬರೆಯುವವರು ಮುಟ್ಟದೆ ಬಿಡುವುದು ಹೆಚ್ಚಾಗಿ ಇದನ್ನೇ. ಆ ಮೂವರ ಮೇಲೆ ಲಂಡನ್ನಿನ ಅಧಿಕಾರಿಗೆ ಮೊದಲೇ ಅನುಮಾನವಿತ್ತಲ್ಲ, ಹಾಗಾದರೆ ಲಂಡನ್ನಿನಲ್ಲೇ ಹಿಡಿದು ಬಾಯಿ ಬಿಡಿಸಬಹುದಿತ್ತು. ಅದಕ್ಕಾಗಿ ವಿಮಾನ ಬೀಳಿಸಿ, ನಟನನ್ನು ಶತ್ರುವಿನ ಕೈಗೆ ಕೊಟ್ಟು, ಆಲ್ಪ್ಸ್‌ವರೆಗೆ ಹೋಗಬೇಕಿತ್ತೇ? ಹಜಾರದ ದೃಶ್ಯ ಎಷ್ಟು ಚೆನ್ನಾಗಿದೆಯೋ ಅಷ್ಟೇ ಅಕಾರಣವಾಗಿದೆ. ಜರ್ಮನ್ ಕರ್ನಲ್ ಕ್ರಾಮರ್ ಸ್ಮಿತ್‌ನನ್ನು ನಂಬುವ ವೇಗವೂ ಹೆಚ್ಚೇ. ಇವೆರಡನ್ನೂ ಚಿತ್ರ ಓಟದಲ್ಲಿ ಮುಚ್ಚುತ್ತದೆ. ಮೊದಲ ನೋಟದಲ್ಲಿ ನಿಮಗೆ ಹೊಳೆಯದಿದ್ದರೆ, “ಹೊಳೆಯಲಿಲ್ಲ” ಎಂದೇ ಬರೆಯಿರಿ. ಅದು ನಿರ್ದೇಶಕನ ಜಾಣತನಕ್ಕೆ ಸಲ್ಲಬೇಕಾದ ಅಂಕ.

ಹಂತ 4: ಗುಂಡಿನ ಲೆಕ್ಕ, ಸರಿಯಾದ ರೀತಿಯಲ್ಲಿ

ಮಾಡಲೇಬೇಕೆಂದಿದ್ದರೆ ಕ್ರಮವಾಗಿ ಮಾಡಿ. ಚಿತ್ರದಲ್ಲಿ ಹೆಚ್ಚು ಕಾಣುವುದು ಜರ್ಮನರ ಎಂಪಿ 40, ಅಂದರೆ ಪಿಸ್ತೂಲಿನ 9 ಮಿ.ಮೀ. ಗುಂಡನ್ನೇ ಒಂದರ ಹಿಂದೊಂದು ಉಗುಳುವ ಸಬ್‌ಮಷಿನ್ ಗನ್. ಅದರ ಮ್ಯಾಗಜೀನ್‌ಗೆ, ಗುಂಡು ತುಂಬುವ ಡಬ್ಬಿಗೆ, ಹಿಡಿಯುವುದು 32. ನಿಮಿಷಕ್ಕೆ ಸುಮಾರು 500ರ ವೇಗ. ಭಾಗಿಸಿದರೆ ಕುದುರೆ ಒತ್ತಿಹಿಡಿದ 4 ಸೆಕೆಂಡಿನೊಳಗೆ ಖಾಲಿ. ಮನೆಯ ಜೋಡಿ ನಳಿಕೆಯ 12 ಬೋರ್ ಕೋವಿಯಲ್ಲಿ ಎರಡು ಈಡು ಆದೊಡನೆ ಮುರಿದು ತೋಟಾ ಬದಲಿಸಬೇಕಲ್ಲ, ಇಲ್ಲಿ ಅದೇ ತಾಪತ್ರಯ ನಾಲ್ಕು ಸೆಕೆಂಡಿಗೊಮ್ಮೆ.

ಸ್ಟಾಪ್‌ವಾಚ್ ಒತ್ತುವಾಗ ಒಂದು ನಿಯಮ ಪಾಲಿಸಿ: ಬಂದೂಕು ಚೌಕಟ್ಟಿನಿಂದ ಹೊರಗೆ ಹೋಗದೆ ಕಾಣುವಷ್ಟು ಹೊತ್ತನ್ನು ಮಾತ್ರ ಎಣಿಸಿ. ನಡುವೆ ದೃಶ್ಯ ಕತ್ತರಿಸಿದರೆ ಆ ಸಂದಿಯಲ್ಲಿ ಡಬ್ಬಿ ಬದಲಿಸಿರಬಹುದು, ಸಂಶಯದ ಲಾಭ ಚಿತ್ರಕ್ಕೆ. ಈ ನಿಯಮ ಪಾಲಿಸಿದರೆ ಅರ್ಧಕ್ಕರ್ಧ ಆರೋಪ ಬಿದ್ದುಹೋಗುತ್ತದೆ. ಉಳಿಯುವುದು ಶೇಫರ್ ಎರಡು ಕೈಯಲ್ಲಿ ಎರಡು ಎಂಪಿ 40 ಹಿಡಿದು ಹೊಡೆಯುವ ಪ್ರಸಿದ್ಧ ಭಂಗಿ. ಒಂದೊಂದೂ ಖಾಲಿ ಇರುವಾಗಲೇ ಸುಮಾರು 4 ಕಿಲೋ. ಡಬ್ಬಿ ಬದಲಿಸಲು ಮೂರನೆಯ ಕೈ ಬೇಕು, ಗುರಿ ಅನ್ನುವ ಮಾತಂತೂ ಬೇಡ. ಕೈಲ್ ಮುಹೂರ್ತದ ದಿನ ಒಂದು ತೆಂಗಿನಕಾಯಿಗೆ ಗುರಿಯಿಡಲು ಎಷ್ಟು ಹೊತ್ತು ಉಸಿರು ಹಿಡಿಯಬೇಕೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಸ್ಫೋಟಕದ ಚೀಲಕ್ಕೂ ಲೆಕ್ಕವಿಡಿ. ಎಷ್ಟು ಕಡೆ ಕಟ್ಟಿದರು ಎಂದು ಗೆರೆ ಎಳೆಯುತ್ತಾ ಹೋಗಿ. ಆ ಭಾರವನ್ನು ಹೊತ್ತು ಕೇಬಲ್ ಕಾರಿನ ಮಾಡಿನ ಮೇಲೆ ಕೂತು, ಹಗ್ಗ ಹಿಡಿದು ಗೋಡೆ ಹತ್ತಿದ್ದಾರೆ ಎಂಬುದನ್ನು ನೆನಪಿಡಿ. ಗೊಬ್ಬರದ ಮೂಟೆ ಹೊತ್ತು ಬರೆ ಹತ್ತಿದವರು ತೂಕವನ್ನು ಸರಿಯಾಗಿ ಅಂದಾಜು ಮಾಡಬಲ್ಲರು.

ಹಂತ 5: ‘ಬೆಲೆ ಯಾರು ತೆತ್ತರು?’

ಎರಡು ಪಟ್ಟಿ ಮಾಡಿ. ಹಜಾರದ ದೃಶ್ಯಕ್ಕೆ ಮೊದಲು ಸತ್ತವರು, ಆಮೇಲೆ ಸತ್ತವರು. ಮೊದಲ ಪಟ್ಟಿ ಚಿಕ್ಕದು, ಆದರೆ ಹ್ಯಾರಡ್ ಮತ್ತು ಮ್ಯಾಕ್‌ಫರ್ಸನ್ ನಮ್ಮ ಕಡೆಯವರು. ಎರಡನೆಯ ಪಟ್ಟಿ ಪುಟ ದಾಟುತ್ತದೆ, ಅದರಲ್ಲಿ ನಾಯಕರ ಕಡೆಯವರು ಒಬ್ಬರೂ ಇಲ್ಲ. ಸ್ಮಿತ್, ಶೇಫರ್, ಮೇರಿ, ಹಳ್ಳಿಯಲ್ಲಿದ್ದ ಇನ್ನೊಬ್ಬ ಗೂಢಚಾರಿಣಿ ಹೈಡಿ, ಆ ನಟ, ಎಲ್ಲರೂ ವಿಮಾನ ಹತ್ತುತ್ತಾರೆ. ಓಡಿ ಬರುವ ಜರ್ಮನ್ ಸೈನಿಕರು ಬೀಳಲೆಂದೇ ಬರುತ್ತಾರೆ, ಗುರಿಯಿಟ್ಟು ಹೊಡೆಯುವವನು ಅವರಲ್ಲಿ ಒಬ್ಬನೂ ಇಲ್ಲ.

ನನ್ನ ತೀರ್ಮಾನದಲ್ಲಿ ಚಿತ್ರದ ದೊಡ್ಡ ದೋಷ ಇದೇ. ಹೆಲಿಕಾಪ್ಟರ್ ತಪ್ಪಿದ್ದರಿಂದ ಆತಂಕ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ನಾಯಕನಿಗೆ ಗುಂಡು ತಾಗದು ಎಂದು ಖಾತ್ರಿಯಾದ ಕ್ಷಣದಿಂದ ಆತಂಕ ಸೋರಿಹೋಗುತ್ತದೆ. ಪುಸ್ತಕಗಳು ಕೈಗೆ ಬಂದ ಮೇಲೆ ಕಥೆಗೆ ಉಳಿದ ಗುಟ್ಟು ಒಂದೇ, ಲಂಡನ್ನಿನ ಹಿರಿಯ ದ್ರೋಹಿ ಯಾರು ಎಂಬುದು. ಅದನ್ನು ಕೊನೆಯ ವಿಮಾನದವರೆಗೆ ಕಾಯ್ದಿಟ್ಟದ್ದು ಸರಿ, ಆದರೆ ನಡುವಿನ ದಾರಿಯನ್ನು ಬರೀ ಸಿಡಿಮದ್ದಿನಿಂದ ತುಂಬಿದ್ದಾರೆ.

ಇದಕ್ಕೆ ಅಪವಾದ ಕೇಬಲ್ ಕಾರಿನ ಮೇಲಿನ ಜಗಳ. ಅಲ್ಲಿ ಒಬ್ಬನಿಗೆ ಇಬ್ಬರು, ಕಾಲ ಕೆಳಗೆ ಮಂಜು ಹಿಡಿದ ತಗಡು, ಕೈಯಲ್ಲಿ ಹಿಮಗೊಡಲಿ. ಜಾರುವ ಭಯಕ್ಕೆ ಬಂದೂಕಿನ ಲೆಕ್ಕ ಬೇಕಾಗಿಲ್ಲ. ಸಾಹಸ ದೃಶ್ಯಗಳ ಘಟಕ ನಡೆಸಿದವರು ಯಾಕಿಮಾ ಕನುಟ್, 1959ರ ‘ಬೆನ್ ಹರ್’ ರಥದ ಓಟ ಕಟ್ಟಿದವರು. ಮುಖ ಹತ್ತಿರದಿಂದ ಕಾಣುವ ತುಣುಕುಗಳಲ್ಲಿ ಬೆಟ್ಟ ಹಿಂದೆ ಅಂಟಿಸಿದಂತೆ ಕಾಣುತ್ತದೆ. ಸ್ಟುಡಿಯೋದಲ್ಲಿ ನಟನನ್ನು ನಿಲ್ಲಿಸಿ ಹಿನ್ನೆಲೆಯನ್ನು ಬೇರೆಯಾಗಿ ಸೇರಿಸುವ ಆ ಕಾಲದ ವಿಧಾನ ಅದು. ದೂರದ ತುಣುಕುಗಳಲ್ಲಿ ಮನುಷ್ಯ ನಿಜವಾಗಿಯೂ ತಂತಿಯ ಮೇಲೆ ತೂಗುತ್ತಿದ್ದಾನೆ. ಎರಡನ್ನೂ ಬೇರೆ ಬೇರೆ ಬರೆಯಿರಿ.

ಹಂತ 6: ಹೆಂಗಸರ ಪಾತ್ರ, ಸಂಗೀತ

ಮೇರಿ ಒಳಗಿಂದ ಹಗ್ಗ ಬಿಡದಿದ್ದರೆ ಇವರ್ಯಾರೂ ಕೋಟೆಯೊಳಗೆ ಬರುತ್ತಿರಲಿಲ್ಲ. ಗೆಸ್ಟಾಪೊ ಅಧಿಕಾರಿ ಡಸೆಲ್ಡಾರ್ಫ್ ಊರಿನ ನೆನಪು ಕೆದಕುವ ನೆಪದಲ್ಲಿ ಅವಳನ್ನು ಪರೀಕ್ಷಿಸುವ ದೃಶ್ಯ ಹಜಾರದ ದೃಶ್ಯಕ್ಕೆ ಹತ್ತಿರ ನಿಲ್ಲುತ್ತದೆ. ಆಮೇಲೆ ಅವಳ ಕೆಲಸ ಸಾಮಾನು ದಾಟಿಸುವುದಕ್ಕೆ ಇಳಿಯುತ್ತದೆ. ರಾನ್ ಗುಡ್‌ವಿನ್ ಸಂಗೀತದ ಬಗ್ಗೆ ಹೇಳಲು ಒಂದೇ ಮಾತು: ಆರಂಭದ ಡೋಲು ಬಡಿತದಲ್ಲಿ, ವಿಮಾನ ಬೆಟ್ಟದ ನಡುವೆ ತೇಲಿ ಬರುವ ಆ ಎರಡು ಮೂರು ನಿಮಿಷದಲ್ಲಿ, ಚಿತ್ರದ ಅರ್ಧ ಕೆಲಸ ಮುಗಿದಿರುತ್ತದೆ. ಧ್ವನಿ ತಗ್ಗಿಸಿ ನೋಡಿ, ವ್ಯತ್ಯಾಸ ತಿಳಿಯುತ್ತದೆ.

ಹಂತ 7: ತಿಳಿದವರನ್ನು ಕೇಳುವ ಕ್ರಮ

ಮಾಜಿ ಸೈನಿಕರ ಹತ್ತಿರ “ಸೇನೆಯಲ್ಲಿ ಹೀಗೆಲ್ಲ ಆಗುತ್ತದಾ?” ಎಂದು ಕೇಳಬೇಡಿ. “ಇಲ್ಲ” ಎಂಬ ಒಂದೇ ಉತ್ತರ ಬರುತ್ತದೆ, ಅದರಿಂದ ಬರೆಯಲು ಏನೂ ಸಿಗುವುದಿಲ್ಲ. ಚಿಕ್ಕ ಪ್ರಶ್ನೆ ಕೇಳಿ. ರೇಡಿಯೋ ಹೊರುವವನು ಸತ್ತರೆ ಕೋಡ್ ಪುಸ್ತಕ ಯಾರ ಜವಾಬ್ದಾರಿ? ಹೊಸ ಹಿಮದಲ್ಲಿ ಏಳು ಜನರ ಹೆಜ್ಜೆ ಗುರುತನ್ನು ಏನು ಮಾಡುತ್ತೀರಿ? ಎರಡನೆಯದನ್ನು ತೋಟದಲ್ಲಿ ಆನೆ ಹೆಜ್ಜೆ ಕಾಯುವವರನ್ನೂ ಕೇಳಬಹುದು.

“ಇದು ನಡೆದ ಕಥೆಯಾ?” ಎಂಬ ಪ್ರಶ್ನೆಗೆ ಉತ್ತರ, ಅಲ್ಲ. ಚಿತ್ರದ ಕೋಟೆ ಕಲ್ಪನೆ. ತೆರೆಯ ಮೇಲೆ ಕಾಣುವುದು ಆಸ್ಟ್ರಿಯಾದ ಹೋಹೆನ್‌ವೆರ್ಫೆನ್ ಕೋಟೆ, ಕೇಬಲ್ ಕಾರು ಎಬೆನ್‌ಸೇ ಊರಿನ ಫಾಯರ್‌ಕೋಗೆಲ್‌ನದು. ಹಾಗಾಗಿ ಬರ್ಮಾ ಯುದ್ಧದ ಜೊತೆ ಹೋಲಿಸಿ ಅಳೆಯಬೇಡಿ. ಮಡಿಕೇರಿಯ ತಿಮ್ಮಯ್ಯನವರು 1945ರಲ್ಲಿ ಅರಾಕಾನ್ ಕಡೆ ಬ್ರಿಗೇಡ್ ನಡೆಸಿದ ಯುದ್ಧ ಕೆಸರು, ಮಲೇರಿಯಾ, ಕಾಡಿನದು. ‘ಸನ್ನಿ ಸೈಡ್’ ಮನೆಯಲ್ಲಿರುವ ಅವರ ವಸ್ತುಸಂಗ್ರಹಾಲಯ ನೋಡಿ ಬಂದು ಈ ಚಿತ್ರಕ್ಕೆ ಬೈಯುವುದು, ಯಕ್ಷಗಾನ ನೋಡಿ ವೇಷಧಾರಿಗೆ ಅಷ್ಟು ದೊಡ್ಡ ಕಿರೀಟ ಯಾಕೆ ಎಂದಂತೆ.

ಹಂತ 8: ಬರೆಯುವುದು

ಐನೂರು ಪದ ಸಾಕು. ಮೊದಲ ಪ್ಯಾರಾದಲ್ಲಿ ಗುಟ್ಟು ಬೇಡ. ಆಮೇಲೆ ನಿಮಗೆ ಅತ್ಯಂತ ಬಲವಾಗಿ ಕಂಡ ಒಂದೇ ದೃಶ್ಯವನ್ನು ಬಿಡಿಸಿ ಹೇಳಿ, ಯಾಕೆ ಕೆಲಸ ಮಾಡಿತು ಎಂಬುದರ ಸಮೇತ. ದೋಷ ಹೇಳುವಾಗ ಗಂಟೆ ನಿಮಿಷ ಗುರುತಿಸಿ, ಅದು ಆತಂಕವನ್ನು ಕೆಡಿಸಿತೋ ಇಲ್ಲವೋ ಎಂದು ಸೇರಿಸಿ. ಆತಂಕ ಕೆಡಿಸದ ತಪ್ಪುಗಳಿಗೆಲ್ಲ ಸೇರಿ ಒಂದೇ ಪ್ಯಾರಾ. ನಕ್ಷತ್ರ ಕೊಡುವ ಅಭ್ಯಾಸವಿದ್ದರೆ ಈ ಚಿತ್ರದ ಎರಡು ಅರ್ಧಕ್ಕೂ ಬೇರೆ ಬೇರೆ ಕೊಡಿ. ಒಟ್ಟು ಸೇರಿಸಿ ಸರಾಸರಿ ತೆಗೆದರೆ ಎರಡಕ್ಕೂ ಅನ್ಯಾಯ.

ಹತ್ತು ಜನರಿಗೆ ತೋರಿಸುವುದಾದರೆ

ಮನೆಯವರು ಕೂತು ನೋಡಲು ಅಡ್ಡಿಯಿಲ್ಲ. ಸಮಾಜ ಭವನದಲ್ಲೋ ಕ್ಲಬ್ಬಿನಲ್ಲೋ ಸಾರ್ವಜನಿಕವಾಗಿ ತೋರಿಸಲು, ಟಿಕೆಟ್ ಇಲ್ಲದಿದ್ದರೂ, ಹಕ್ಕುದಾರರ ಅನುಮತಿ ಬೇಕು. ನಮ್ಮ ಕಾನೂನಿನಲ್ಲಿ ಚಲನಚಿತ್ರದ ಹಕ್ಕು 60 ವರ್ಷ, ಇದಕ್ಕೆ ಅದು ಇನ್ನೂ ಮುಗಿದಿಲ್ಲ. ಮಳೆಗಾಲವಾದರೆ ಯುಪಿಎಸ್ ಪೂರ್ತಿ ಚಾರ್ಜ್ ಆಗಿರಲಿ, ಪ್ರೊಜೆಕ್ಟರ್ ಮತ್ತು ಸ್ಪೀಕರ್ ಎರಡನ್ನೂ ಅದಕ್ಕೇ ಸಿಕ್ಕಿಸಿ ಎಷ್ಟು ನಿಮಿಷ ತಡೆಯುತ್ತದೆಂದು ಹಿಂದಿನ ದಿನವೇ ನೋಡಿ. ಕಾಫಿ ವಿರಾಮ ಕೊಡುವುದಿದ್ದರೆ ಸ್ಮಿತ್ ಮತ್ತು ಶೇಫರ್ ಕೋಟೆಯೊಳಗೆ ಕಾಲಿಟ್ಟ ಕೂಡಲೇ ಕೊಡಿ. ಹಜಾರದ ದೃಶ್ಯದ ನಡುವೆ ಕರೆಂಟ್ ಹೋದರೆ, ಬಂದ ಮೇಲೆ ನಿಂತ ಜಾಗದಿಂದ ಶುರು ಮಾಡಬೇಡಿ. ಮೂವರು ಮೇಜಿನ ಬಳಿ ಬಂದು ಕೂರುವಲ್ಲಿಗೆ ಹಿಂದಕ್ಕೆ ಹೋಗಿ, ಅಲ್ಲಿಂದ ಪುನಃ ಓಡಿಸಿ.